ಇಪ್ಪತ್ತು ಎಣಿಸುವಷ್ಟು ಹೊತ್ತು

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಪುಸ್ತಕ ಕಟ್ಟುವ ಕಾರ್ಖಾನೆಯ ಬಾಗಿಲು ತೆಗೆದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಾಳೆಯ ಕಟ್ಟುಗಳು ಮೇಜಿನ ಮೇಲೆ, ಮೇಜಿನ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ, ಕೊನೆಗೆ ಎಲ್ಲರೂ ಊಟಕ್ಕೆ ಕೂರುವ ಬೆಂಚಿನ ಮೇಲೂ ಏರಿ ಕೂತಿದ್ದವು. ಮೂರನೇ ತರಗತಿಯ ಮಕ್ಕಳ ಓದುಪುಸ್ತಕ, ಹನ್ನೆರಡು ಸಾವಿರ. ಶನಿವಾರ ಸಂಜೆ ನಾಲ್ಕಕ್ಕೆ ಲಾರಿ ಬಂದು ನಿಲ್ಲುತ್ತದೆ. ಇಷ್ಟು ದೊಡ್ಡ ಕೆಲಸ ಆ ಕಾರ್ಖಾನೆಯ ಹೊಸ್ತಿಲು ಹಿಂದೆಂದೂ ದಾಟಿರಲಿಲ್ಲ. ಹದಿನಾಲ್ಕು ಜನರೂ ಮದುವೆಮನೆಯವರ ಹಾಗೆ ಓಡಾಡುತ್ತಿದ್ದರು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎನ್ನುವುದು ಹೇಳಿದವರಿಗೇ ಕೇಳುತ್ತಿರಲಿಲ್ಲ.

ಮೂಲೆಯ ಒಲೆಯ ಮುಂದೆ ಅಂಟಕ್ಕ ನಿಂತಿದ್ದಳು. ಅಂಟು ಕಾಯಿಸುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ದೊಡ್ಡ ಪಾತ್ರೆಯಲ್ಲಿ ನೀರು, ನೀರಿನೊಳಗೆ ಚಿಕ್ಕ ಪಾತ್ರೆ, ಅದರೊಳಗೆ ಅಂಟು. ಬೆಂಕಿ ನೇರವಾಗಿ ತಾಗಿದರೆ ಅಂಟು ಸತ್ತುಹೋಗುತ್ತದೆ. ಬ್ರಷ್ ಎತ್ತಿದಾಗ ಅದು ಜೇನಿನ ಹಾಗೆ ಇಳಿಯಬೇಕು. ನೀರಿನ ಹಾಗೆ ಸುರಿಯಲೂಬಾರದು, ಹಗ್ಗದ ಹಾಗೆ ಎಳೆದುಕೊಂಡು ಬರಲೂಬಾರದು. ಇಪ್ಪತ್ತಾರು ವರ್ಷದಲ್ಲಿ ಅವಳ ಅಂಟು ಎರಡೇ ಸಲ ಕೆಟ್ಟಿತ್ತು. ಆ ಎರಡೂ ದಿನ ಯಾವ ವಾರ ಎನ್ನುವುದು ಅವಳಿಗೆ ಇನ್ನೂ ನೆನಪಿದೆ.

ಇಂಥ ಪುಸ್ತಕಕ್ಕೆ ದಾರದ ಹೊಲಿಗೆ ಇರುವುದಿಲ್ಲ. ಹಾಳೆಗಳನ್ನು ಮಡಿಸಿ, ಸಾಲಾಗಿ ಜೋಡಿಸಿ, ಬೆನ್ನಿನ ಅಂಚು ಕತ್ತರಿಸಿ, ಅರದಿಂದ ಕೆರೆದು ಒರಟು ಮಾಡುತ್ತಾರೆ. ಇಪ್ಪತ್ತು ಪುಸ್ತಕ ಒಂದರ ಮೇಲೊಂದು ಪೇರಿಸಿ, ಮೇಲೆ ಹಲಗೆ ಇಟ್ಟು, ಬೆನ್ನಿಗೆಲ್ಲ ಒಟ್ಟಿಗೆ ಅಂಟು ಬಳಿದು, ತೆಳು ಬಟ್ಟೆಯ ಪಟ್ಟಿ ಹಾಕುತ್ತಾರೆ. ಆಮೇಲೆ ತಿರುಪು ಬಿಗಿಯುವ ಯಂತ್ರದಲ್ಲಿ ಒತ್ತಿ ಬಿಡುತ್ತಾರೆ. ಎಲ್ಲ ಕಡೆಯೂ ಕೆಲಸ ಹೀಗೇ ನಡೆಯುವುದು. ಆದರೆ ಈ ಕಾರ್ಖಾನೆಯಲ್ಲಿ ಮಾತ್ರ, ಪಟ್ಟಿ ಹಾಕಿದ ಮೇಲೆ ತಿರುಪು ಬಿಗಿಯುವ ಮುಂಚೆ, ಇನ್ನೊಂದು ಕೆಲಸ ಇತ್ತು. ಹಲಗೆಯ ಮೇಲೆ ಎರಡು ಕೈಯನ್ನೂ ಊರಿ, ತಲೆ ಸ್ವಲ್ಪ ಬಗ್ಗಿಸಿ, ಕಣ್ಣು ಮುಚ್ಚಿ, ತುಟಿಯಲ್ಲೇ ನಿಧಾನವಾಗಿ ಇಪ್ಪತ್ತು ಎಣಿಸಬೇಕು. ಆಮೇಲೇ ತಿರುಪು.

ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಕಲಿಸುತ್ತಿದ್ದವನು ತಿರುಪಣ್ಣ. ಅರವತ್ತು ದಾಟಿದವನು, ಆರು ಯಂತ್ರದ ತಿರುಪುಗಳೂ ಅವನ ಕೈಯಲ್ಲೇ. ಅವನ ಪಾಠ ಎಲ್ಲರಿಗೂ ಬಾಯಿಪಾಠ: "ಇಪ್ಪತ್ತು ಎಣಿಸು. ಹತ್ತೊಂಬತ್ತಕ್ಕೆ ಕೈ ತೆಗೆದ್ರೆ ಬೆನ್ನು ಬಿಟ್ಕೊಳ್ಳುತ್ತೆ. ಅಂಟಿನ ಘಾಟು ಹೊಡೆಯುತ್ತೆ, ಅದಕ್ಕೆ ಕಣ್ಣು ಮುಚ್ಚು. ಜೋರಾಗಿ ಎಣಿಸಬೇಡ, ಪಕ್ಕದವರ ಲೆಕ್ಕ ತಪ್ಪುತ್ತೆ."

ಇವತ್ತು ಯಜಮಾನರ ಮಗಳು ಬಂದಿದ್ದಳು. ಎಲ್ಲರೂ ಅವಳನ್ನು ಚಿಕ್ಕ ಮೇಡಂ ಎನ್ನುತ್ತಿದ್ದರು. ಯಜಮಾನರಿಗೆ ಸೊಂಟ ಹಿಡಿದಿತ್ತು. ಈ ವಾರದ ಜವಾಬ್ದಾರಿ ಅವಳದು. ಫೋನಿನ ಗಡಿಯಾರ ಹಿಡಿದು ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬರೆದುಕೊಳ್ಳುತ್ತ ಬಂದವಳು ಯಂತ್ರಗಳ ಹತ್ತಿರ ನಿಂತುಬಿಟ್ಟಳು. ಆರು ಜನ ಆರು ಹಲಗೆಯ ಮೇಲೆ ಕೈ ಊರಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ನಿಂತಿದ್ದರು.

"ಇದೇನು ಮಾಡ್ತಿದ್ದಾರೆ ಇವರು?"

"ಕೂರಿಸ್ತಿದ್ದಾರೆ ಮೇಡಂ," ಎಂದ ತಿರುಪಣ್ಣ.

"ಏನನ್ನ?"

"ಬೆನ್ನನ್ನ. ಇಪ್ಪತ್ತು ಎಣಿಸೋವಷ್ಟು ಹೊತ್ತು ಕೈ ಇಡ್ಲಿಲ್ಲ ಅಂದ್ರೆ ಪುಸ್ತಕ ಬಿಟ್ಕೊಳ್ಳುತ್ತೆ."

"ಮೇಲೆ ಯಂತ್ರ ಒತ್ತುತ್ತಲ್ಲ?"

"ಯಂತ್ರ ಯಂತ್ರವೇ ಮೇಡಂ, ಕೈ ಕೈಯೇ."

ಚಿಕ್ಕ ಮೇಡಂ ತನ್ನ ನೋಟುಪುಸ್ತಕದಲ್ಲಿ ಗೀಚಿ ಲೆಕ್ಕ ಹಾಕಿದಳು. ಹನ್ನೆರಡು ಸಾವಿರಕ್ಕೆ ಆರುನೂರು ರಾಶಿ. ರಾಶಿಗೆ ಇಪ್ಪತ್ತೈದು ಸೆಕೆಂಡು. "ನಾಲ್ಕು ಗಂಟೆ ಹತ್ತು ನಿಮಿಷ," ಎಂದಳು. "ಸುಮ್ಮನೆ ನಿಂತ್ಕೊಳ್ಳೋದಕ್ಕೆ ನಾಲ್ಕು ಗಂಟೆ ಹತ್ತು ನಿಮಿಷ."

"ಸುಮ್ಮನೆ ಎಲ್ಲಿ ನಿಲ್ತೀವಿ? ಎಣಿಸ್ತೀವಲ್ಲ," ಎಂದಳು ರೇಡಿಯೋ. ಪುಸ್ತಕದ ಬೆನ್ನು ಕೆರೆಯುವ ಹೆಂಗಸು ಅವಳು. ಬೆಳಿಗ್ಗೆ ಬಾಯಿ ತೆಗೆದರೆ ಸಂಜೆ ಚಪ್ಪಲಿ ಮೆಟ್ಟುವವರೆಗೆ ನಿಲ್ಲಿಸುತ್ತಿರಲಿಲ್ಲ.

"ಸರಿ, ನೋಡೇಬಿಡೋಣ. ಇವತ್ತು ಎರಡು ರಾಶಿ. ಒಂದಕ್ಕೆ ಕೈ ಇಡಿ, ಒಂದಕ್ಕೆ ಬೇಡ. ಬುಧವಾರ ಎರಡನ್ನೂ ಎಳೆದು ನೋಡ್ತೀನಿ. ಕೈ ಇಟ್ಟಿದ್ದು ಗಟ್ಟಿ ನಿಂತ್ರೆ ನಾನೇ ಬಂದು ಕೈ ಇಟ್ಟು ನಿಲ್ತೀನಿ."

ಕಾರ್ಖಾನೆಗೆ ಕಾರ್ಖಾನೆಯೇ ಹೋ ಎಂದಿತು. ತಿರುಪಣ್ಣ ಮೀಸೆಯಲ್ಲೇ ನಕ್ಕ. ಕೈ ಇಡುವ ರಾಶಿ ರೇಡಿಯೋಗೆ. ಕೈ ಇಡದ ರಾಶಿ ತಿರುಪಣ್ಣನಿಗೇ. ಯಂತ್ರದೊಳಗೆ ಅದನ್ನು ನೂಕುವಾಗ ಅವನು ಮುಖ ಆಚೆ ತಿರುಗಿಸಿಕೊಂಡ. ಎಲ್ಲರ ಕಣ್ಣೂ ಬುಧವಾರದ ಮೇಲೆ. ಗೆಲುವು ತಮ್ಮದೇ ಎಂದು ಹದಿಮೂರು ಜನಕ್ಕೆ ಗೊತ್ತಿತ್ತು.

ಅಂಟಕ್ಕ ಒಬ್ಬಳಿಗೆ ಮಾತ್ರ ಗೊತ್ತಿತ್ತು, ಎರಡು ರಾಶಿಗೂ ಏನೇನೂ ವ್ಯತ್ಯಾಸ ಇರುವುದಿಲ್ಲ ಎಂದು. ಕೈಗೂ ಅಂಟಿಗೂ ಸಂಬಂಧವೇ ಇರಲಿಲ್ಲ. ಅವಳು ಹಿಡಿದು ಮರೆತ ಬ್ರಷ್ಷಿನಿಂದ ಒಂದು ಹನಿ ಅಂಟು ಒಲೆಯ ಮೇಲೆ ಬಿದ್ದು ಚುರ್ ಎಂದಿತು.

ಇಪ್ಪತ್ತಾರು ವರ್ಷದ ಹಿಂದೆ ಹೀಗಾಯಿತು. ಅವಳ ಅತ್ತೆ ಇದೇ ಒಲೆಯ ಮುಂದೆ ನಿಲ್ಲುತ್ತಿದ್ದಳು. ಮಂಡಿ ಹೋದ ಮೇಲೆ ಸೊಸೆಯನ್ನು ಕಳಿಸಿದಳು. ಇಪ್ಪತ್ತೈದು ವರ್ಷದ ಸೊಸೆ ಓದು ಕಲಿತವಳಲ್ಲ. ತನ್ನ ಹೆಸರು ಬರೆಯಲು ಬರುತ್ತಿತ್ತು, ಅದೂ ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಸಾಲು ಕೆಳಗಿಳಿಯುತ್ತಿತ್ತು. ಸುತ್ತಲೂ ಪುಸ್ತಕ; ಒಳಗೆ ಏನಿದೆಯೋ ಗೊತ್ತಿಲ್ಲ. ಯಾರ ಮನೆಗೆ ಹೋಗುತ್ತದೋ ಗೊತ್ತಿಲ್ಲ. ಆದರೆ ಯಾವುದೋ ಒಂದು ಕೈ ಅದನ್ನು ತೆರೆಯುತ್ತದೆ, ಅಷ್ಟು ಗೊತ್ತು.

ಅವಳ ತಾಯಿ ಹತ್ತು ಮನೆಯ ಬಟ್ಟೆ ಒಗೆಯುತ್ತಿದ್ದವಳು. ಒಗೆದು ಮಡಿಸಿದ ಗಂಟನ್ನು ಕೊಡುವ ಮುಂಚೆ ಅದರ ಮೇಲೆ ಕೈ ಇಟ್ಟು, ಇದನ್ನು ಉಡುವವರಿಗೆ ಒಳ್ಳೆಯದು ಮಾಡಪ್ಪ ಎಂದು ತನ್ನ ಕರ್ತನಾದ ಯೇಸುವನ್ನು ಕೇಳಿಕೊಳ್ಳುತ್ತಿದ್ದಳು. ಮಗಳಿಗೆ ಬಂದದ್ದು ಅದೊಂದೇ ಆಸ್ತಿ. ಮೊದಲನೆಯ ದಿನವೇ ಮೊದಲನೆಯ ರಾಶಿಗೆ ಅಂಟು ಬಳಿದು, ಪಟ್ಟಿ ಹಾಕಿ, ಹಲಗೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು.

ಆಗ ತಿರುಪಣ್ಣನಿಗೆ ಮೀಸೆ ಕಪ್ಪಗಿತ್ತು. "ಯಾಕಮ್ಮ ಹಾಗೆ ಕೈ ಇಟ್ಕೊಂಡು ನಿಂತಿದ್ದೀಯ?" ಎಂದು ಕೇಳಿದ.

ಅವಳ ನಾಲಿಗೆ ಒಣಗಿತು. ಹೊಸ ಜಾಗ, ಹೊಸ ಜನ. ಇಲ್ಲಿ ತಮ್ಮವರು ಯಾರೂ ಇರಲಿಲ್ಲ. ಪ್ರಾರ್ಥನೆ ಎಂದರೆ ನಗುತ್ತಾರೋ, ಬೇಡ ಎನ್ನುತ್ತಾರೋ, ಮನೆಗೆ ಕಳಿಸುತ್ತಾರೋ. "ಹಾಗೆ ಇಟ್ರೆ ಚೆನ್ನಾಗಿ ಕೂರುತ್ತೆ ಅಣ್ಣ," ಎಂದುಬಿಟ್ಟಳು.

ಅಷ್ಟೇ. ಒಂದೇ ಒಂದು ಮಾತು. ತಿರುಪಣ್ಣ ನಾಲ್ಕು ದಿನ ನೋಡಿದ. ಆ ದಿನಗಳ ಪುಸ್ತಕಗಳು ನಿಜಕ್ಕೂ ಚೆನ್ನಾಗಿ ಕೂತಿದ್ದವು. ಅಂಟು ಚೆನ್ನಾಗಿತ್ತು, ಅದಕ್ಕೆ. ಐದನೆಯ ದಿನ ಅವನೂ ಕೈ ಇಟ್ಟ. ಎಷ್ಟು ಹೊತ್ತು ಎಂದು ಅವಳನ್ನೇ ನೋಡಿ ಲೆಕ್ಕ ಹಾಕಿದ: ಇಪ್ಪತ್ತು. ಅವಳು ಕಣ್ಣು ಮುಚ್ಚುವುದು ಘಾಟಿಗೆ ಎಂದುಕೊಂಡ, ತುಟಿ ಆಡಿಸುವುದು ಎಣಿಕೆ ಎಂದುಕೊಂಡ. ಅಲ್ಲಿಂದಾಚೆ ಬಂದವರು ಹೋದವರು ಎಲ್ಲ ಸೇರಿ ನಲವತ್ತು ಜನಕ್ಕೆ ಕಲಿಸಿದ. ಪ್ರತಿ ಸಲವೂ ಅಂಟಕ್ಕನಿಗೆ, ಈಗ ಹೇಳಬೇಕು, ಈಗ ಹೇಳಬೇಕು ಎನ್ನಿಸುತ್ತಿತ್ತು. ಒಂದು ವರ್ಷ ಹೋದ ಮೇಲೆ ಹೇಳುವುದು ಕಷ್ಟವಾಯಿತು. ಹತ್ತು ವರ್ಷ ಹೋದ ಮೇಲೆ ಆಗದ ಮಾತಾಯಿತು.

ಸಂಜೆ ಮನೆಯಲ್ಲಿ ಅವಳು ನಾದಿನಿಗೆ ಎಲ್ಲವನ್ನೂ ಹೇಳಿದಳು. ನಾದಿನಿ ಎರಡು ಮನೆ ಆಚೆ ಇದ್ದವಳು. ಬೀದಿಯಲ್ಲಿ ಯಾರು ಸಿಕ್ಕರೂ ಕರ್ತನ ವಿಷಯ ಎತ್ತುವವಳು, ಬಸ್ಸಿನಲ್ಲಿ ಟಿಕೆಟು ಹರಿಯುವವನನ್ನೂ ಬಿಟ್ಟವಳಲ್ಲ. ಭಾನುವಾರ ಚರ್ಚಿನ ಸಭೆಯಲ್ಲಿ, ಕರ್ತ ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುವವರು ಎದ್ದು ನಿಲ್ಲಿ ಎಂದರೆ ಮೊದಲು ಏಳುವುದು ಅವಳೇ. ಆಗೆಲ್ಲ ಹಿಂದಿನ ಬೆಂಚಿನಲ್ಲಿ ಅಂಟಕ್ಕ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಡಿಸಿ, ಮತ್ತೆ ಮಡಿಸುತ್ತಿದ್ದಳು. "ಅತ್ತಿಗೆ, ಇಷ್ಟು ವರ್ಷದಲ್ಲಿ ನೀವು ಒಬ್ಬರಿಗಾದ್ರೂ ಕರ್ತನ ವಿಷಯ ಹೇಳಿದ್ದೀರಾ?" ಎಂದು ನಾದಿನಿ ಕೇಳದ ತಿಂಗಳಿರಲಿಲ್ಲ.

ಇವತ್ತು ಕೇಳುತ್ತ ಕೇಳುತ್ತ ನಾದಿನಿಯ ಕಣ್ಣು ದೀಪವಾಯಿತು. ಹೆಚ್ಚುತ್ತಿದ್ದ ಈರುಳ್ಳಿಯನ್ನು ಬಿಟ್ಟು ಎದ್ದೇ ನಿಂತಳು. "ಅತ್ತಿಗೆ, ಇದು ಕರ್ತನ ಕೆಲಸ. ಬುಧವಾರ ನೋಡ್ತಾ ಇರಿ. ಕೈ ಇಟ್ಟ ರಾಶಿ ಬಂಡೆ ಥರ ನಿಲ್ಲುತ್ತೆ. ಇನ್ನೊಂದು ಉದುರಿಹೋಗುತ್ತೆ. ಇಡೀ ಕಾರ್ಖಾನೆ ಬೆಚ್ಚಿಬೀಳುತ್ತೆ. ನಾನು ನಾಳೆ ಪೂರ್ತಿ ಉಪವಾಸ ಇರ್ತೀನಿ."

"ಬೇಡಮ್ಮ," ಎಂದಳು ಅಂಟಕ್ಕ.

"ಯಾಕೆ, ನಂಬಿಕೆ ಇಲ್ವಾ?"

"ಎರಡಕ್ಕೂ ಒಂದೇ ಪಾತ್ರೆ ಅಂಟು. ನಾನೇ ಕಾಯಿಸಿದ್ದು, ನಾನೇ ಬಳಿದಿದ್ದು. ಚೆನ್ನಾಗಿ ಕಾಯಿಸಿದ ಅಂಟನ್ನ ಕರ್ತ ಯಾಕೆ ಕಿತ್ತುಹಾಕ್ತಾನೆ? ಅದರಲ್ಲೂ ಮಕ್ಕಳ ಪುಸ್ತಕ."

ನಾದಿನಿ ಮತ್ತೆ ಕೂತು ಈರುಳ್ಳಿ ಹೆಚ್ಚತೊಡಗಿದಳು. "ಮತ್ತೇನು ಮಾಡ್ತೀರಿ?" ಎಂದಳು.

"ಗೊತ್ತಿಲ್ಲ. ಹೇಳಿದ್ರೆ, ಇಷ್ಟು ವರ್ಷ ನಮ್ಮನ್ನ ಆಟ ಆಡಿಸಿದಳು ಅಂತಾರೆ. ಒಲೆ ಹತ್ರ ನಿಲ್ಲೋಕೂ ಬಿಡ್ತಾರೋ ಇಲ್ವೋ. ಹೇಳದೇ ಇದ್ರೆ..."

"ಹಾಗಾದ್ರೆ ನಾನು ಉಪವಾಸ ಇರ್ತೀನಿ," ಎಂದಳು ನಾದಿನಿ. "ಅಂಟಿಗಲ್ಲ. ನಿಮ್ಮ ನಾಲಿಗೆಗೆ."

ಮಂಗಳವಾರ ಪೂರ್ತಿ ಕಾರ್ಖಾನೆಯಲ್ಲಿ ಬುಧವಾರದ್ದೇ ಮಾತು. ರೇಡಿಯೋ ಬಂದಬಂದವರಿಗೆಲ್ಲ ತಾನು ಎಣಿಸಿದ ವೈಖರಿ ವರ್ಣಿಸಿದಳು. ಕತ್ತರಿಸುವ ಯಂತ್ರದವನು, ಸೋತರೆ ಮೇಡಂಗೆ ಮೊದಲು ಯಾವ ಯಂತ್ರದ ಹಲಗೆಯ ಮೇಲೆ ಕೈ ಇಡಿಸುವುದು ಎಂದು ಚೀಟಿ ಎತ್ತಿಸಿದ. ಅಂಟಕ್ಕ ಎರಡು ಸಲ ತಿರುಪಣ್ಣನ ಹತ್ತಿರ ಹೋದಳು. ಒಂದು ಸಲ ಅವನು ತಿರುಪಿಗೆ ಎಣ್ಣೆ ಬಿಡುತ್ತಿದ್ದ. ಇನ್ನೊಂದು ಸಲ ಅವನೇ, "ಏನು ಅಂಟಕ್ಕ, ನಾಳೆ ನಮ್ಮದೇ ಗೆಲುವು. ನೀನು ಕಲಿಸಿದ ವಿದ್ಯೆ," ಎಂದ. ಅವಳು ವಾಪಸ್ಸು ಬಂದು ಅಂಟು ಕದಡಿದಳು.

ಬುಧವಾರ ಹನ್ನೊಂದಕ್ಕೆ ಯಂತ್ರ ಬಿಚ್ಚಿದರು. ನಡುವಿನ ಮೇಜಿನ ಮೇಲೆ ಎಡಕ್ಕೆ ರೇಡಿಯೋಳ ಇಪ್ಪತ್ತು, ಬಲಕ್ಕೆ ತಿರುಪಣ್ಣನ ಇಪ್ಪತ್ತು. ಹಿಂದಿನವರು ಸ್ಟೂಲು ಹತ್ತಿದರು. ಚಿಕ್ಕ ಮೇಡಂ ಪುಸ್ತಕದ ನಡುವಿನ ಒಂದೇ ಹಾಳೆ ಹಿಡಿದು ಇಡೀ ಪುಸ್ತಕವನ್ನು ಮೇಲೆತ್ತಿ ತೂಗುತ್ತಿದ್ದಳು. ಹಾಳೆ ತಡೆದರೆ ಪುಸ್ತಕ ಗಟ್ಟಿ. ಮೊದಲು ಬಲಗಡೆಯದು. ಒಂದು, ಎರಡು, ಮೂರು. ಒಂದೂ ಬಿಟ್ಟುಕೊಳ್ಳಲಿಲ್ಲ. ಹತ್ತಕ್ಕೆ ಬರುವಷ್ಟರಲ್ಲಿ ಪಿಸುಮಾತು ನಿಂತಿತ್ತು. ಇಪ್ಪತ್ತೂ ಗಟ್ಟಿ. ತಿರುಪಣ್ಣ ತನ್ನದೇ ರಾಶಿಯನ್ನು ಬೇರೆ ಯಾರದೋ ರಾಶಿಯಂತೆ ನೋಡುತ್ತಿದ್ದ.

"ನಮ್ಮದು ಇನ್ನೂ ಗಟ್ಟಿ ಇರುತ್ತೆ," ಎಂದಳು ರೇಡಿಯೋ.

ಎಡಗಡೆಯದು. ಒಂದರಿಂದ ಹದಿಮೂರು ತಡೆದವು. ಹದಿನಾಲ್ಕನೆಯದನ್ನು ಎತ್ತಿದಾಗ ಪುಸ್ತಕ ಧಪ್ಪೆಂದು ಮೇಜಿನ ಮೇಲೆ ಬಿತ್ತು. ಹಾಳೆ ಮೇಡಂ ಕೈಯಲ್ಲಿ ಉಳಿಯಿತು.

ತಿರುಪಣ್ಣ ರೇಡಿಯೋ ಕಡೆ ತಿರುಗಿದ. ಅವನ ದನಿ ಅಷ್ಟು ಮೆತ್ತಗಿದ್ದದ್ದನ್ನು ಯಾರೂ ಕೇಳಿರಲಿಲ್ಲ. "ಎಷ್ಟು ಎಣಿಸ್ದೆ ನೀನು?"

"ಇಪ್ಪತ್ತು."

"ನಿಜ ಹೇಳು."

"ಇಪ್ಪತ್ತೇ ಅಣ್ಣ. ನನ್ನ ಮಕ್ಕಳಾಣೆ."

"ಎಣಿಸೋವಾಗ ಮಾತಾಡ್ತಿದ್ದೆ ಅಂತ ಕಾಣುತ್ತೆ. ಮೇಡಂ ಮುಂದೆ ಇಪ್ಪತ್ತಾರು ವರ್ಷದ ಕೆಲಸಕ್ಕೆ ಮಣ್ಣು ಹಾಕಿದೆ. ನಾಳೆಯಿಂದ ಯಂತ್ರದ ಹತ್ರ ಬರಬೇಡ. ಹೋಗಿ ಕಸ ಗುಡಿಸು."

ರೇಡಿಯೋಳ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಕೆಲಸಕ್ಕೆ ಸೇರಿದ ಏಳು ವರ್ಷದಲ್ಲಿ ಮೊದಲ ಸಲ ಅವಳು ಸುಮ್ಮನಾದದ್ದನ್ನು ಅಂಟಕ್ಕ ಕಂಡಳು. ಬ್ರಷ್ಷನ್ನು ಪಾತ್ರೆಯಲ್ಲಿ ಅದ್ದಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಮೇಜಿನ ಹತ್ತಿರ ಬಂದಳು.

"ಅವಳು ಎಣಿಸಿದ್ದರಲ್ಲಿ ಏನೂ ತಪ್ಪಿಲ್ಲ ಅಣ್ಣ. ಆ ಪುಸ್ತಕದ ಬೆನ್ನಿನ ತುದಿ ನೋಡು, ಅರ ಅಷ್ಟಾಗಿ ತಾಗಿಲ್ಲ. ಅಂಟು ಹಿಡಿಯೋಕೆ ಒರಟಿಲ್ಲ. ಅದಕ್ಕೆ ಒಂದು ಹಾಳೆ ಬಂತು. ಯಾರ ಕೈಯಲ್ಲಾದ್ರೂ ನೂರಕ್ಕೊಂದು ಹಾಗಾಗುತ್ತೆ."

"ಕೈ ಸರಿಯಾಗಿ ಇಟ್ಟಿದ್ರೆ..."

"ಕೈಗೂ ಅಂಟಿಗೂ ಸಂಬಂಧ ಇಲ್ಲ." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಯಾವತ್ತೂ ಇರ್ಲಿಲ್ಲ. ನಾನು ಅವತ್ತು ನಿನಗೆ ಸುಳ್ಳು ಹೇಳಿದೆ. ನಾನು ಕೈ ಇಟ್ಟಿದ್ದು ಬೆನ್ನು ಕೂರಲಿ ಅಂತ ಅಲ್ಲ. ನಾನು ಪ್ರಾರ್ಥನೆ ಮಾಡ್ತಿದ್ದೆ."

"ಏನು ಮಾಡ್ತಿದ್ದೆ?"

"ಪ್ರಾರ್ಥನೆ. ನಮ್ಮ ಕರ್ತನಾದ ಯೇಸುವಿನ ಹತ್ರ. ಈ ಪುಸ್ತಕ ತೆರೆಯೋ ಕೈಗೆ ಒಳ್ಳೇದು ಮಾಡು ಅಂತ. ನೀನು ಕೇಳಿದಾಗ ಹೇಳೋಕೆ ಧೈರ್ಯ ಬರ್ಲಿಲ್ಲ. ಏನೋ ಒಂದು ಹೇಳಿದೆ. ನೀನು ನಂಬಿ ಎಲ್ಲರಿಗೂ ಕಲಿಸಿದೆ. ನಾನು ನೋಡ್ತಾ ಸುಮ್ಮನಿದ್ದೆ. ತಪ್ಪು ನಂದು, ಪೂರ್ತಿ ನಂದು. ಎಲ್ಲರೂ ಕ್ಷಮಿಸಿ."

ಸ್ಟೂಲು ಹತ್ತಿದ್ದವನು ನಿಧಾನವಾಗಿ ಕೆಳಗಿಳಿದ. ಒಲೆಯ ಮೇಲೆ ನೀರು ಕುದಿಯುವುದು ಕೇಳಿಸುತ್ತಿತ್ತು.

"ಇಪ್ಪತ್ತಾರು ವರ್ಷ," ಎಂದ ತಿರುಪಣ್ಣ. "ನನಗೆ ಗೊತ್ತಿಲ್ಲದ ಹಾಗೆ ನನ್ನ ಕೈಯಲ್ಲಿ ಪ್ರಾರ್ಥನೆ ಮಾಡಿಸ್ದೆಯಾ?"

"ಇಲ್ಲ ಅಣ್ಣ. ನೀನು ಎಣಿಸ್ತಿದ್ದೆ. ಪ್ರಾರ್ಥನೆ ನಂದು ಮಾತ್ರ."

ಅವನು ತನ್ನ ಯಂತ್ರಗಳ ಕಡೆ ಹೊರಟುಹೋದ. ಚಿಕ್ಕ ಮೇಡಂ ಕೈಯಲ್ಲಿದ್ದ ಹಾಳೆಯನ್ನು ಪುಸ್ತಕದೊಳಗೆ ಸಿಕ್ಕಿಸಿಟ್ಟಳು. ಅವಳಿಗೂ ಗೆದ್ದ ಖುಷಿ ಇರಲಿಲ್ಲ. "ಸರಿ, ಇನ್ಮೇಲೆ ಕೈ ಇಡೋದು ಬೇಡ," ಎಂದಳು. "ಅಕ್ಕ, ನೀವು ಒಲೆ ಹತ್ರ ಹೋಗಿ. ಅಂಟು ದಪ್ಪ ಆಗುತ್ತೆ."

ಅಂಟಕ್ಕ ಹೋದಳು. ಹೆಜ್ಜೆ ಹಗುರವಾಗಿತ್ತು. ಅಳು ಬರಬೇಕಿತ್ತು, ಬರಲಿಲ್ಲ. ನೆನೆದ ಕಂಬಳಿ ಹೊದ್ದು ಇಷ್ಟು ವರ್ಷ ನಡೆದವಳು ಅದನ್ನು ಬೀದಿಯಲ್ಲೇ ಬಿಟ್ಟು ಬಂದ ಹಾಗಿತ್ತು.

ಕೈ ಇಡದೆ ಕೆಲಸ ಓಡಿತು. ಅಂಟು, ಪಟ್ಟಿ, ತಿರುಪು. ಅಂಟು, ಪಟ್ಟಿ, ತಿರುಪು. ಬುಧವಾರ ಸಂಜೆಗೆ ಇನ್ನೂರ ಎಂಬತ್ತು ರಾಶಿ ಮುಗಿದವು. ಆದರೆ ಅಭ್ಯಾಸ ಬಿಡಬೇಕಲ್ಲ. ಕೈಗಳು ತಾವಾಗಿಯೇ ಹಲಗೆಯ ಮೇಲೆ ಹೋಗಿ, ಬಿಸಿ ತಾಗಿದಂತೆ ವಾಪಸ್ಸು ಬರುತ್ತಿದ್ದವು. ಅಂಟಕ್ಕ ಮೇಡಂ ಮಾತು ಮೀರಲಿಲ್ಲ, ಹಲಗೆ ಮುಟ್ಟಲಿಲ್ಲ. ಅಂಟು ಬಳಿಯುತ್ತಲೇ ಪ್ರಾರ್ಥಿಸಿದಳು: ಬ್ರಷ್ ಬಲಕ್ಕೆ ಹೋಗುವಾಗ ಒಂದು ಮಾತು, ಎಡಕ್ಕೆ ಬರುವಾಗ ಒಂದು ಮಾತು. ಒಂದು ಸೆಕೆಂಡೂ ಹೆಚ್ಚು ಹಿಡಿಯಲಿಲ್ಲ. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಅವಳಿಗೇ ನಗು ಬಂತು.

ರೇಡಿಯೋಗೆ ಮತ್ತೆ ದನಿ ಬಂದಿತ್ತು. "ಅಂಟಕ್ಕ, ಒಂದು ಮಾತು ಹೇಳ್ಲಾ? ನಾನು ಯಾವತ್ತೂ ಸರಿಯಾಗಿ ಇಪ್ಪತ್ತು ಎಣಿಸಿದವಳೇ ಅಲ್ಲ. ಏಳಕ್ಕೋ ಎಂಟಕ್ಕೋ ನಮ್ಮಮ್ಮ ನೆನಪಿಗೆ ಬರ್ತಾಳೆ. ಅವಳ ಕಾಲುನೋವು ಹೇಗಿದೆಯೋ ಅಂತ. ಆಮೇಲೆ ಲೆಕ್ಕ ಎಲ್ಲಿಗೋ ಹೋಗುತ್ತೆ. ಪಕ್ಕದವಳು ಕೈ ತೆಗೆದ್ರೆ ನಾನೂ ತೆಗೀತೀನಿ."

"ಪಕ್ಕದವಳು ನೀನು ಯಾವಾಗ ತೆಗೀತೀಯ ಅಂತ ನೋಡ್ತಿರ್ತಾಳೆ," ಎಂದಳು ಅಂಟಕ್ಕ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ತಿರುಪಣ್ಣ ಮಾತ್ರ ಗುರುವಾರ ಪೂರ್ತಿ ಅವಳ ಕಡೆ ನೋಡಲಿಲ್ಲ. ಅಂಟಿನ ಪಾತ್ರೆ ಬೇಕಾದರೆ ಗಾಳಿಗೆ ಹೇಳಿದ ಹಾಗೆ ಹೇಳುತ್ತಿದ್ದ. ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಎಲ್ಲರೂ ಹೊರಗೆ ಕೂತಿದ್ದಾಗ, ಒಲೆಯ ಹತ್ತಿರ ಬಂದು ನಿಂತ. ಕೈಯಲ್ಲಿ ಸ್ಪ್ಯಾನರು ಇತ್ತು. ಅದರಿಂದ ಮಾಡುವ ಕೆಲಸ ಅಲ್ಲಿ ಏನೂ ಇರಲಿಲ್ಲ.

"ಯಾರ ಕೈ?" ಎಂದ.

"ಏನಣ್ಣ?"

"ತೆರೆಯೋ ಕೈಗೆ ಒಳ್ಳೇದು ಮಾಡು ಅಂತೀಯಲ್ಲ. ಯಾರ ಕೈ?"

"ಗೊತ್ತಿಲ್ಲ. ಯಾರದೋ."

"ಗೊತ್ತಿಲ್ಲದವರಿಗೆ ಇಪ್ಪತ್ತಾರು ವರ್ಷ?" ಅವನು ಸ್ಪ್ಯಾನರನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ನಿನಗೆ ಅದರಿಂದ ಏನು ಬರುತ್ತೆ?"

ಅಂಟಕ್ಕ ಉರಿ ಸಣ್ಣಗೆ ಮಾಡಿದಳು. ಭಾನುವಾರಗಳಲ್ಲಿ ಎಂದೂ ಬಾರದ ಮಾತು ಈಗ ಬಂತು, ಅಂಟು ಹದಕ್ಕೆ ಬಂದಾಗ ಇಳಿಯುತ್ತದಲ್ಲ, ಹಾಗೆ. "ಯೇಸು ನಮಗೋಸ್ಕರ ಪ್ರಾಣ ಕೊಟ್ಟಾಗ ನಾನು ಹುಟ್ಟೇ ಇರ್ಲಿಲ್ಲ ಅಣ್ಣ. ನೀನೂ ಇರ್ಲಿಲ್ಲ. ನಮ್ಮ ಮುಖ ನೋಡದೇ ನಮ್ಮನ್ನ ಪ್ರೀತಿಸಿದ. ನಮ್ಮಮ್ಮ ಹಾಗೆ ಹೇಳ್ತಿದ್ಲು. ಅಂಥವನ ಹತ್ರ ನಾನೂ ಮುಖ ನೋಡದವರಿಗೋಸ್ಕರ ಏನಾದ್ರೂ ಕೇಳಬಹುದಲ್ಲ ಅನ್ನಿಸ್ತು. ಓದು ಬರದವಳು ಪುಸ್ತಕಕ್ಕೆ ಇನ್ನೇನು ತಾನೇ ಮಾಡಲಿ?"

ತಿರುಪಣ್ಣ ಸ್ಪ್ಯಾನರನ್ನು ಒಲೆಯ ಪಕ್ಕ ಇಟ್ಟ. "ನನಗೆ ಹನ್ನೆರಡಕ್ಕೆ ಬರ್ತಾಳೆ," ಎಂದ. "ಮಗಳು. ನಾಲ್ಕು ವರ್ಷದಿಂದ ನನ್ನ ಜೊತೆ ಮಾತಿಲ್ಲ. ಅವಳ ಮದುವೆಗೆ ನಾನು ಹೋಗ್ಲಿಲ್ಲ, ಅದಕ್ಕೆ. ಎಣಿಸ್ತಾ ಎಣಿಸ್ತಾ ಹನ್ನೆರಡಕ್ಕೆ ಬಂದೇ ಬರ್ತಾಳೆ. ಕಣ್ಣಲ್ಲಿ ನೀರು. ನಾನು ಘಾಟಿಗೆ ಅಂದ್ಕೊಂಡಿದ್ದೆ. ಎರಡು ದಿನದಿಂದ ಕೈ ಇಟ್ಟಿಲ್ಲ. ಅವಳು ಬಂದಿಲ್ಲ."

ಅಂಟಕ್ಕ ಒಲೆ ಬಿಟ್ಟು ಅವನ ಕಡೆ ತಿರುಗಿದಳು.

"ನಿಮ್ಮ ಕರ್ತನಿಗೆ ನಾನು ಹೇಳಬಹುದಾ?" ಎಂದ ಅವನು. "ಅಥವಾ ನಿಮ್ಮವರೇ ಆಗಿರಬೇಕಾ?"

"ಹೇಳು. ಕೇಳಿಸ್ಕೊಳ್ತಾನೆ."

"ಹೇಗೆ ಹೇಳೋದು?"

"ನನಗೆ ಈಗ ಹೇಳಿದೆಯಲ್ಲ, ಹಾಗೇ."

ಶನಿವಾರ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ ಆರುನೂರನೆಯ ರಾಶಿ ಯಂತ್ರಕ್ಕೆ ಹೋಯಿತು. ಚಪ್ಪಾಳೆಯೋ ಚಪ್ಪಾಳೆ. ಮುಂಚೆ ಮುಗಿದ ರಾಶಿಗಳು ಆಗಲೇ ರಟ್ಟು ಹೊದ್ದು, ಕತ್ತರಿಸಿಕೊಂಡು, ಕಂದು ಕಾಗದದ ಕಟ್ಟಾಗಿ ಬಾಗಿಲಿನವರೆಗೆ ಸಾಲು ನಿಂತಿದ್ದವು. ಕೊನೆಯ ಕಟ್ಟಿಗೆ ಹಗ್ಗ ಬಿಗಿದಾಗ ಗಂಟೆ ಎರಡೂವರೆ. ಚಿಕ್ಕ ಮೇಡಂ ಬೆವರು ಒರೆಸಿಕೊಳ್ಳುತ್ತ, "ಎಲ್ಲರೂ ಮನೆಗೆ ಹೋಗಿ. ಲಾರಿಗೆ ನಾನಿರ್ತೀನಿ," ಎಂದಳು.

ರೇಡಿಯೋ ಕದಲಲಿಲ್ಲ. "ಮೇಡಂ, ಕೈ ಇಡದೆ ಉಳಿಸಿದ ಹೊತ್ತು ಯಾರದು?"

"ಯಾರದು ಅಂದ್ರೆ?"

"ನಾವು ಉಳಿಸಿದ್ದು. ಸ್ವಲ್ಪ ನಮಗೆ ಕೊಡಿ."

ಅಷ್ಟರಲ್ಲಿ ತಿರುಪಣ್ಣ ಬಾಗಿಲ ಹತ್ತಿರದ ಕಟ್ಟಿನ ಮುಂದೆ ನಿಂತಿದ್ದ. ಎಲ್ಲರೂ ನೋಡುತ್ತಿದ್ದರು. ಅವನು ಎರಡು ಕೈಯನ್ನೂ ಕಂದು ಕಾಗದದ ಮೇಲೆ ಊರಿದ. ಘಾಟಿರಲಿಲ್ಲ, ಆದರೂ ಕಣ್ಣು ಮುಚ್ಚಿದ. ರೇಡಿಯೋ ಪಕ್ಕದ ಕಟ್ಟಿಗೆ ಹೋದಳು. ಆಮೇಲೆ ಮತ್ತೆ ಐದು ಜನ. ಕತ್ತರಿಸುವ ಯಂತ್ರದವನು ಕೈ ಕಟ್ಟಿಕೊಂಡು ಗೋಡೆಗೊರಗಿದ. "ನಾನು ಒಲ್ಲೆ," ಎಂದ. "ಯಾಕೆ ಅಂತ ಗೊತ್ತಾದ ಮೇಲೆ ಸುಮ್ಮನೆ ಇಡೋದು ಸರಿಯಲ್ಲ." ಅದು ನ್ಯಾಯವೇ ಎಂದು ಅಂಟಕ್ಕನಿಗೂ ಅನ್ನಿಸಿತು. ಇನ್ನೈದು ಜನ ಅವನ ಜೊತೆ ನಿಂತರು.

ಅಂಟಕ್ಕ ಯಾರನ್ನೂ ಲೆಕ್ಕ ಹಾಕಲಿಲ್ಲ. ಓಡಿಹೋಗಿ ತನಗೊಂದು ಕಟ್ಟು ಹಿಡಿದಳು. ಯಾರೂ ಎಣಿಸುತ್ತಿರಲಿಲ್ಲವಾದ್ದರಿಂದ ಯಾವಾಗ ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. ಹೊರಗೆ ಲಾರಿಯ ಹಾರ್ನು ಕೇಳಿದ ಮೇಲೇ ಕಣ್ಣು ತೆರೆದರು. ಅದು ಒಂದು ಗಂಟೆ ಮುಂಚೆಯೇ ಬಂದಿತ್ತು.

ಸೋಮವಾರ ಮೇಡಂ ಜೊತೆ ಚೌಕಾಸಿ ನಡೆಯಿತು. ಬೇಕೆಂದವರಿಗೆ ಕೈ ಇಡಲು ಇಪ್ಪತ್ತು ಎಣಿಸುವಷ್ಟು ಹೊತ್ತು ಕೊಡಿ ಎಂದಳು ರೇಡಿಯೋ. ಮೂರು ಸಾಕು ಎಂದಳು ಮೇಡಂ. ಹದಿನೈದು, ಐದು, ಹತ್ತು. ಕೊನೆಗೆ ಏಳಕ್ಕೆ ಒಪ್ಪಂದವಾಯಿತು. "ಏಳಕ್ಕೆ ನಮ್ಮಮ್ಮ ಬಂದುಬಿಡ್ತಾಳೆ, ಸಾಕು," ಎಂದಳು ರೇಡಿಯೋ. ತಿರುಪಣ್ಣ ಮಾತ್ರ, "ನನಗೆ ಹನ್ನೆರಡು ಬೇಕು," ಎಂದು ಹಟ ಹಿಡಿದ. ಅವನ ವಯಸ್ಸಿಗೆ ಮರ್ಯಾದೆ ಕೊಟ್ಟು ಹನ್ನೆರಡು ಕೊಟ್ಟರು.

"ಇನ್ನೊಂದು ಮಾತು," ಎಂದ ಅವನು, ಅಂಟಕ್ಕನ ಕಡೆ ಸ್ಪ್ಯಾನರು ತೋರಿಸಿ. "ಹೊಸಬರಿಗೆ ಇನ್ಮೇಲೆ ನಾನು ಕಲಿಸಲ್ಲ. ಸುಳ್ಳು ಹೇಳಿದ್ದಕ್ಕೆ ಅದೇ ನಿನ್ನ ದಂಡ. ಯಾರೇ ಕೇಳಲಿ, ನೀನೇ ಹೇಳಬೇಕು."

ಹದಿನೈದು ದಿನಕ್ಕೆ ಒಬ್ಬ ಹೊಸ ಹೆಂಗಸು ಸೇರಿದಳು. ನಲವತ್ತರ ಆಸುಪಾಸು, ಮೊದಲು ಅಂಗಿಯ ಗುಂಡಿ ಮಾಡುವ ಕಡೆ ಕೆಲಸ ಮಾಡಿದವಳು. ಒಂದು ಹೊತ್ತು ಎಲ್ಲವನ್ನೂ ನೋಡಿ, ಮೆಲ್ಲಗೆ ಒಲೆಯ ಹತ್ತಿರ ಬಂದಳು. "ಅಕ್ಕ, ಕೆಲವರು ಯಾಕೆ ಹಾಗೆ ಕೈ ಇಟ್ಕೊಂಡು ನಿಲ್ತಾರೆ? ಕೆಲವರು ಯಾಕೆ ನಿಲ್ಲಲ್ಲ?"

ಇಪ್ಪತ್ತಾರು ವರ್ಷದ ಹಿಂದಿನದೇ ಪ್ರಶ್ನೆ. ಅದೇ ಒಲೆ. ನಾಲಿಗೆ ಒಣಗಿದ್ದೂ ಅದೇ ರೀತಿ. ಯಂತ್ರಗಳ ಆಚೆಯಿಂದ ತಿರುಪಣ್ಣ ಒಂದು ಹುಬ್ಬು ಎತ್ತಿ ಕಾಯುತ್ತಿದ್ದ.

ಅಂಟಕ್ಕ ಬ್ರಷ್ ಎತ್ತಿ ನೋಡಿದಳು. ಅಂಟು ಜೇನಿನ ಹಾಗೆ ಇಳಿಯುತ್ತಿತ್ತು.

"ಕೂತ್ಕೋ," ಎಂದಳು, ಸ್ಟೂಲನ್ನು ಕಾಲಿನಿಂದ ಹತ್ತಿರಕ್ಕೆ ಎಳೆಯುತ್ತ. "ಹೇಳ್ತೀನಿ. ಮೊದಲು ಒಂದು ತಿಳ್ಕೋ, ಅದಕ್ಕೂ ಅಂಟಿಗೂ ಏನೇನೂ ಸಂಬಂಧ ಇಲ್ಲ."